ವಿಮಾನದ ಕೆಳಗೆ ನಿಂತವನ ಸಹಿ

ಕೆಲವು ವಾರಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಿಂದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತನ್ನ ತಾಯಿಯೊಂದಿಗೆ ಕೋಲಾರದ ನನ್ನ ಮನೆಗೆ ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಅಂಕಪಟ್ಟಿಗಳ ಜೆರಾಕ್ಸ್ ಪ್ರತಿಗಳು. ವಾಯುಪಡೆಗೆ ಅಗ್ನಿವೀರನಾಗಿ ಸೇರುವ ಆಸೆ. ದೃಢೀಕರಣಕ್ಕೆ ನನ್ನ ಸಹಿ ಬೇಕಿತ್ತು, ಜೊತೆಗೆ ಒಂದು ಮಾತೂ ಬೇಕಿತ್ತು. ‘ಸಾರ್, ನೀವು ಏರ್‌ಫೋರ್ಸ್‌ನಲ್ಲಿ ಇದ್ದೋರಂತೆ. ನಾಲ್ಕು ವರ್ಷಕ್ಕೆ ಹೋಗಿ ಬಂದ್ರೆ ಕೆಲಸ ಕಲ್ತಂಗಾಗುತ್ತಾ?’ ಎಂದು ಕೇಳಿದ. ತಾಯಿ ತೆಲುಗಿನಲ್ಲಿ ಕೇಳಿದ ಪ್ರಶ್ನೆ ಇನ್ನೂ ನೇರವಾಗಿತ್ತು: ನಾಲ್ಕು ವರ್ಷವಾದ ಮೇಲೆ ಇವನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಮ್ಮ ಗಡಿ ತಾಲ್ಲೂಕುಗಳಲ್ಲಿ ಪ್ರಶ್ನೆ ಯಾವ ಭಾಷೆಯಲ್ಲಿ ಬಂದರೂ ಅರ್ಥವಾಗುತ್ತದೆ. ಉತ್ತರ ಮಾತ್ರ ನನಗೆ ಥಟ್ಟನೆ ಹೊಳೆಯಲಿಲ್ಲ.

ನಾನು ಕಂದಾಯ ಇಲಾಖೆಯಿಂದ ನಿವೃತ್ತನಾದವನು. ಆದರೆ ಅದಕ್ಕೂ ಮುಂಚೆ, 1978ರಿಂದ 1993ರವರೆಗೆ, ವಾಯುಪಡೆಯಲ್ಲಿ ಸರಕು ಸಾಗಣೆ ವಿಮಾನಗಳ ಎಂಜಿನ್ ಫಿಟ್ಟರನಾಗಿದ್ದೆ. ಕೊನೆಯ ಮೂರು ವರ್ಷ ಒಂದು ವಿಮಾನದ ‘ಕ್ರ್ಯೂ ಚೀಫ್’. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಊರಿನಿಂದ ಹೊರಟು, ಮಾಲೂರಿನ ಸೋದರಮಾವನ ಮನೆಯಲ್ಲಿ ರಾತ್ರಿ ಕಳೆದು, ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಆಯ್ಕೆ ಕೇಂದ್ರಕ್ಕೆ ಹೋದದ್ದು ಚೆನ್ನಾಗಿ ನೆನಪಿದೆ. ರೈಲಿನ ತುಂಬ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ನೌಕರರು, ಅವರ ಊಟದ ಕ್ಯಾರಿಯರುಗಳು. ಅವರ ಮಾತಿನಲ್ಲಿ ಒಂದು ನಿಶ್ಚಿಂತೆ ಇತ್ತು. ಅದಕ್ಕೆ ಕಾಯಂ ನೌಕರಿ ಎಂದು ಹೆಸರು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಸೇರಿದ ಮೊದಲ ವರ್ಷಗಳು ಪ್ಯಾಕೆಟ್ ವಿಮಾನಗಳ ಜೊತೆ ಕಳೆದವು. ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ಈ ವಿಮಾನಗಳು 1954ರಿಂದ ನಮ್ಮಲ್ಲಿದ್ದವು. ಹಿಮಾಲಯದ ತೆಳುಗಾಳಿಯಲ್ಲಿ ಅವುಗಳ ಶಕ್ತಿ ಸಾಲದೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್ ಜೆಟ್ ಎಂಜಿನನ್ನು ಬೆನ್ನ ಮೇಲೆ ಕೂರಿಸಲಾಗಿತ್ತು. 1962ರಲ್ಲಿ 16,000 ಅಡಿಗೂ ಮೇಲಿರುವ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿದದ್ದು ಇದೇ ಬಗೆಯ ವಿಮಾನ. 1984ರಿಂದ ಸೋವಿಯತ್ ಒಕ್ಕೂಟದ ಎಎನ್-32 ಬರತೊಡಗಿತು. ಎರಡು ಎಂಜಿನ್, ಒಂದೊಂದಕ್ಕೂ ಐದು ಸಾವಿರ ಅಶ್ವಶಕ್ತಿಗೂ ಮೇಲು. ಪ್ರೊಪೆಲರುಗಳು ದೊಡ್ಡವಾದುದರಿಂದ ಎಂಜಿನುಗಳನ್ನು ರೆಕ್ಕೆಯ ಮೇಲುಗಡೆ ಎತ್ತರಿಸಿ ಜೋಡಿಸಿದ್ದರು. ಹಿಂಬದಿಯ ಬಾಗಿಲು ಕೆಳಗಿಳಿದು ಇಳಿಜಾರಾಗುತ್ತಿತ್ತು. ಅದರ ಮೇಲೆ ಸೀಮೆಎಣ್ಣೆ ಪೀಪಾಯಿ, ಹಿಟ್ಟು, ಮದ್ದುಗುಂಡು, ಅಂಚೆ ಚೀಲ, ಒಮ್ಮೊಮ್ಮೆ ಜೀವಂತ ಕುರಿಗಳೂ ಏರುತ್ತಿದ್ದವು. ಕುರಿಗಳು ಪಯಣಿಸಿದ ವಿಮಾನವನ್ನು ತೊಳೆಯುವ ಕಷ್ಟ ಯಾವ ಯುದ್ಧಕಥೆಯಲ್ಲೂ ಬರುವುದಿಲ್ಲ.

ಕ್ರ್ಯೂ ಚೀಫ್ ಎಂದರೆ ವಿಮಾನ ನೆಲದ ಮೇಲಿರುವಷ್ಟು ಹೊತ್ತೂ ಅದರ ಯಜಮಾನ. ಎಂಜಿನ್, ಕವಚ, ವಿದ್ಯುತ್, ಉಪಕರಣ, ರೇಡಿಯೊ ಹೀಗೆ ಪ್ರತಿ ವಿಭಾಗದ ತಂತ್ರಜ್ಞರೂ ತಮ್ಮ ಕೆಲಸ ಮುಗಿಸಿ ‘ಫಾರ್ಮ್ 700’ ಎಂಬ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಕೊನೆಗೆ ಪೈಲಟ್ ಅದನ್ನು ಓದಿ, ವಿಮಾನವನ್ನು ಒಪ್ಪಿಕೊಂಡೆನೆಂದು ಸಹಿ ಹಾಕುತ್ತಾನೆ. ಆಮೇಲಷ್ಟೇ ಹಾರಾಟ. ತಿಂಗಳುಗಟ್ಟಲೆ ಕಳೆದ ಮೇಲೂ ಇಂಥ ಮೊಳೆಯನ್ನು ಯಾರು ಬಿಗಿದರು, ಯಾರು ಪರೀಕ್ಷಿಸಿದರು ಎಂಬುದು ಅದರಿಂದ ತಿಳಿಯುತ್ತದೆ. ನಂತರದ ವೃತ್ತಿಯಲ್ಲಿ ನಾನು ಸಾವಿರಾರು ಕಡತಗಳನ್ನು ನೋಡಿದೆ. ಹತ್ತು ಸಹಿಗಳಿರುವ ಕಡತದಲ್ಲಿ ಹೊಣೆ ಹೊತ್ತವರು ಒಬ್ಬರೂ ಇರುವುದಿಲ್ಲ. ‘ಮಂಡಿಸಿದೆ’, ‘ಪರಿಶೀಲಿಸಿ ಕ್ರಮಕ್ಕಾಗಿ’ ಎಂಬ ಪದಗಳು ಹೊಣೆಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ ಉಪಾಯಗಳು.

ಆ ಪುಸ್ತಕದಲ್ಲಿ ಸಹಿ ಹಾಕುವ ಅಧಿಕಾರ ನನಗೆ ಬೇಗ ಸಿಗಲಿಲ್ಲ. ತಾಂಬರಂನ ತರಬೇತಿ ಶಾಲೆ ಮುಗಿದ ಮೇಲೆ ಎರಡು ವರ್ಷ ನಾನು ಮುಖ್ಯವಾಗಿ ಮಾಡಿದ್ದು ಉಪಕರಣಗಳನ್ನು ಎಣಿಸುವ, ಒರೆಸುವ, ಎತ್ತಿಕೊಡುವ ಕೆಲಸ. ಒಂದು ರಾತ್ರಿ ಪಾಳಿಯ ಕೊನೆಗೆ ಸ್ಕ್ರೂಡ್ರೈವರೊಂದು ಲೆಕ್ಕಕ್ಕೆ ಸಿಗಲಿಲ್ಲ. ಕಳೆದವನು ನಾನೇ. ಎಂಜಿನಿನ ಮುಚ್ಚಳಗಳನ್ನೆಲ್ಲ ಮತ್ತೆ ಬಿಚ್ಚಿ ಏಳು ಮಂದಿ ಬೆಳಗಿನವರೆಗೂ ಹುಡುಕಿದೆವು. ಅದು ನನ್ನದೇ ಮೇಲಂಗಿಯ ಹರಿದ ಒಳಜೇಬಿನಲ್ಲಿತ್ತು! ನಮ್ಮ ಮೇಲಿದ್ದ ಕೇರಳದ ಹಿರಿಯ ವಾರಂಟ್ ಆಫೀಸರ್ ಬೈಯಲಿಲ್ಲ. ಸೂಜಿದಾರ ತಂದುಕೊಟ್ಟು, ಜೇಬು ಹೊಲಿದಾದ ಮೇಲೆ ಮಲಗಲು ಹೋಗು ಎಂದರು. ಎಂಜಿನಿನ ಸಣ್ಣ ಕೆಲಸಕ್ಕೆ ಸ್ವತಂತ್ರವಾಗಿ ಸಹಿ ಹಾಕಿದಾಗ ನನ್ನ ಐದನೆಯ ವರ್ಷ ನಡೆಯುತ್ತಿತ್ತು. ಇಡೀ ವಿಮಾನ ನನ್ನ ಸುಪರ್ದಿಗೆ ಬಂದದ್ದು ಹನ್ನೆರಡು ವರ್ಷಗಳ ಮೇಲೆ.

1991ರ ಚಳಿಗಾಲದ ಒಂದು ದಿನ. ಹಿಮಾಲಯದ ತಪ್ಪಲಿನ ವಾಯುನೆಲೆ, ನಸುಕಿನ ನಾಲ್ಕು ಗಂಟೆ. ಲಡಾಖಿನ ಹಾರಾಟಗಳು ಬೆಳಗ್ಗೆಯೇ ಮುಗಿಯಬೇಕು. ಬಿಸಿಲೇರಿದಂತೆ ಗಾಳಿ ಇನ್ನಷ್ಟು ತೆಳುವಾಗುತ್ತದೆ, ಕಣಿವೆಯಲ್ಲಿ ಬಿರುಗಾಳಿ ಏಳುತ್ತದೆ. ಸಮುದ್ರಮಟ್ಟದಿಂದ ಸುಮಾರು 3,250 ಮೀಟರ್ ಎತ್ತರದ ಲೇಹ್‌ನಲ್ಲಿ ಭಾರ ಹೊತ್ತ ವಿಮಾನಕ್ಕೆ ಇವೆರಡೂ ಶತ್ರುಗಳು. ನನ್ನ ವಿಮಾನಕ್ಕೆ ಸರಕು ತುಂಬಿಯಾಗಿತ್ತು. ಮರಳುವಾಗ ಅದು ಮೇಲಿನ ಆಸ್ಪತ್ರೆಯಿಂದ ರೋಗಿಗಳನ್ನು ಕರೆತರಬೇಕಿತ್ತು. ಬಲಗಡೆಯ ಎಂಜಿನಿನ ಎಣ್ಣೆ ಸೋಸುವ ಫಿಲ್ಟರನ್ನು ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಎರಡು ಮೂರು ಮಿನುಗುವ ಚೂರುಗಳಿದ್ದವು. ಬೆರಳುಗಳ ನಡುವೆ ಉಜ್ಜಿದೆ. ಮಸಿಯಾದರೆ ಪುಡಿಯಾಗುತ್ತದೆ. ಇದು ಆಗಲಿಲ್ಲ, ಅಯಸ್ಕಾಂತಕ್ಕೂ ಅಂಟಿತು. ಎಂಜಿನಿನ ಒಳಗೆ ಎಲ್ಲೋ ಉಕ್ಕು ಸವೆಯುತ್ತಿತ್ತು.

ನಾನು ಸಹಿ ಹಾಕಲಿಲ್ಲ. ಪೈಲಟ್ ಬಂದರು, ಎಂಜಿನಿಯರಿಂಗ್ ಅಧಿಕಾರಿಯೂ ಬಂದರು. ‘ಒಂದು ಸಲ ಹೋಗಿ ಬರಲು ಆಗುವುದಿಲ್ಲವೇ, ಸಾರ್ಜೆಂಟ್?’ ಎಂದು ಪೈಲಟ್ ಸಹಜವಾಗಿಯೇ ಕೇಳಿದರು. ಆಗಬಹುದು ಸರ್, ಆಗುತ್ತದೆಂದು ಬರೆದುಕೊಡಲಾರೆ ಎಂದೆ. ಮತ್ತೊಂದು ವಿಮಾನಕ್ಕೆ ಸರಕು ಬದಲಿಸುವಷ್ಟರಲ್ಲಿ ಕಣಿವೆಯ ಮೇಲೆ ಮೋಡ ಮುಚ್ಚಿತು. ಮುಂದಿನ ಎರಡು ದಿನ ಯಾವ ವಿಮಾನವೂ ಮೇಲೆ ಹೋಗಲಿಲ್ಲ. ಮೂರನೆಯ ದಿನ ಬಂದ ರೋಗಿಗಳಲ್ಲಿ ಹಿಮಕಡಿತದಿಂದ ನರಳುತ್ತಿದ್ದ ಜವಾನನೊಬ್ಬನ ಕಾಲ್ಬೆರಳುಗಳನ್ನು ಕತ್ತರಿಸಬೇಕಾಯಿತೆಂದು ಕೇಳಿದೆ. ಎರಡು ದಿನ ಮುಂಚೆ ಬಂದಿದ್ದರೆ ಅವು ಉಳಿಯುತ್ತಿದ್ದವೇ? ವೈದ್ಯರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಕೆಲವು ವಾರಗಳ ನಂತರ ವರ್ಕ್‌ಶಾಪಿನ ವರದಿ ಬಂತು. ಬೇರಿಂಗೊಂದು ಸವೆದಿತ್ತು, ಆದರೆ ಇನ್ನೂ ಕೆಲವು ಗಂಟೆ ಓಡಬಹುದಾಗಿತ್ತು. ಎಷ್ಟು ಗಂಟೆ ಎಂದು ಅದರಲ್ಲಿ ಬರೆದಿರಲಿಲ್ಲ. ಆ ಬೆಳಗ್ಗೆ ನಾನು ಮಾಡಿದ್ದು ಸರಿಯೆಂದೇ ಇವತ್ತೂ ನಂಬಿದ್ದೇನೆ. ಆದರೂ ಆ ಜವಾನನ ಕಾಲು ನನ್ನ ಮನಸ್ಸಿನಿಂದ ಹೋಗಿಲ್ಲ.

ಸರಕು ವಿಮಾನಗಳ ದುರಂತಗಳು ಸುದ್ದಿಯಾದಾಗಲೆಲ್ಲ ನನ್ನಂಥವರ ಕಣ್ಣೆದುರು ಬರುವುದು ಕೊನೆಯ ಸಹಿ ಮಾಡಿದವನ ಮುಖ. ಎಎನ್-32 ಒಂದು 1986ರ ಮಾರ್ಚ್ 25ರಂದು ಸೋವಿಯತ್ ಒಕ್ಕೂಟದಿಂದ ಮಸ್ಕತ್ ಮಾರ್ಗವಾಗಿ ಜಾಮ್‌ನಗರಕ್ಕೆ ಬರುತ್ತಾ ಅರಬ್ಬೀ ಸಮುದ್ರದ ಮೇಲೆ ಕಾಣೆಯಾಯಿತು. ಇನ್ನೊಂದು 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ 29 ಮಂದಿಯನ್ನು ಹೊತ್ತು ಹೊರಟದ್ದು ಮರಳಲಿಲ್ಲ. ಅದರ ಅವಶೇಷಗಳು ಬಂಗಾಳ ಕೊಲ್ಲಿಯಲ್ಲಿ 3,400 ಮೀಟರ್ ಆಳದಲ್ಲಿ ಪತ್ತೆಯಾದದ್ದು ಪ್ರಕಟವಾದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ, ಏಳೂವರೆ ವರ್ಷ, ಆ ಬೆಳಗ್ಗೆ ಅದನ್ನು ಸಿದ್ಧಪಡಿಸಿದ ತಂತ್ರಜ್ಞರು ಹೇಗೆ ನಿದ್ದೆ ಮಾಡಿರಬಹುದು? ತಪ್ಪು ಅವರದೆಂದು ನಾನು ಹೇಳುತ್ತಿಲ್ಲ. ತಪ್ಪಿಲ್ಲದಿದ್ದರೂ ಆ ಪ್ರಶ್ನೆ ಅವರನ್ನು ಬಿಡುವುದಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ತರಬೇತಿಯೂ ಸೇರಿ ಸೇವೆ ನಾಲ್ಕು ವರ್ಷ. ಕೊನೆಗೆ ಶೇಕಡ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಪಡೆದು ಹೊರಬರುತ್ತಾರೆ, ಪಿಂಚಣಿ ಇಲ್ಲ. ಸರ್ಕಾರದ ಇಕ್ಕಟ್ಟು ನನಗೆ ತಿಳಿಯದ್ದಲ್ಲ. 2024-25ರ ಬಜೆಟ್ಟಿನಲ್ಲಿ ರಕ್ಷಣೆಗಿಟ್ಟ ಸುಮಾರು 6.22 ಲಕ್ಷ ಕೋಟಿ ರೂಪಾಯಿಯಲ್ಲಿ 1.41 ಲಕ್ಷ ಕೋಟಿ ಪಿಂಚಣಿಗೇ ಹೋಯಿತು. ಅದರಲ್ಲಿ ಒಂದು ಸಣ್ಣ ಪಾಲು ಪ್ರತಿ ತಿಂಗಳು ನನ್ನ ಖಾತೆಗೂ ಬರುತ್ತದೆ. ಆದುದರಿಂದ ನನ್ನ ಮಾತನ್ನು ಓದುಗರು ಸ್ವಲ್ಪ ಸೋಸಿಯೇ ಸ್ವೀಕರಿಸಬಹುದು.

ನಾಲ್ಕು ವರ್ಷದಲ್ಲಿ ಕೆಲಸ ಕಲಿಯಲಾಗದು ಎಂಬ ವಾದವನ್ನು ಹಲವರು ಮಾಡಿದ್ದಾರೆ. ಇಂದಿನ ಮಕ್ಕಳು ನಮಗಿಂತ ಚುರುಕು, ಕಲಿಯಲೂಬಹುದು. ನನ್ನ ಆತಂಕ ಬೇರೆ. ನಾಲ್ವರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಆ ಆಯ್ಕೆಯಲ್ಲಿ ಮೇಲಿನವರ ಅಭಿಪ್ರಾಯಕ್ಕೂ ತೂಕವಿದೆ ಎಂದು ತಿಳಿದಿರುವ ಇಪ್ಪತ್ತೆರಡರ ಹುಡುಗ, ಸರಕು ತುಂಬಿದ ವಿಮಾನದ ಕೆಳಗೆ ನಿಂತು ‘ಇಲ್ಲ’ ಎನ್ನುತ್ತಾನೆಯೇ? ಎರಡು ಚೂರು ಮಿನುಗಿದ್ದನ್ನು ಕಂಡೆನೆಂದು ಹೇಳುತ್ತಾನೆಯೇ, ಇಲ್ಲವೇ ಬಟ್ಟೆಯಲ್ಲಿ ಒರೆಸಿಬಿಡುತ್ತಾನೆಯೇ? ನನಗೆ ಆ ದಿನ ಇಲ್ಲವೆನ್ನಲು ಸಾಧ್ಯವಾದದ್ದು ಶೌರ್ಯದಿಂದಲ್ಲ. ಪೈಲಟ್ ಮುನಿಸಿಕೊಂಡರೂ ನನ್ನ ಊಟಕ್ಕೆ ಕುತ್ತಿಲ್ಲ ಎಂಬ ಖಾತರಿಯಿಂದ. ಈ ಖಾತರಿಯ ಬೆಲೆಯನ್ನು ಪಿಂಚಣಿಯ ಲೆಕ್ಕದಲ್ಲಿ ಖರ್ಚೆಂದು ಬರೆಯುತ್ತೇವೆ. ಅದರಿಂದ ಬೀಳದೆ ಉಳಿದ ವಿಮಾನಗಳನ್ನು ಯಾವ ಕಲಮಿನಲ್ಲಿ ಬರೆಯಬೇಕೋ ಅರ್ಥಶಾಸ್ತ್ರ ಓದಿದ ನನಗೂ ಗೊತ್ತಿಲ್ಲ. ತರಬೇತಿಯ ಖರ್ಚನ್ನು ಯಾರು ಹೊರಬೇಕೆಂಬುದನ್ನು ಗ್ಯಾರಿ ಬೆಕರ್ 1964ರಲ್ಲೇ ವಿವರಿಸಿದ. ಬೇಗ ಬಿಟ್ಟುಹೋಗುವವನಿಗೆ ವಿಶೇಷ ಕೌಶಲ ಕಲಿಸಲು ಯಜಮಾನ ಹಣ ಹಾಕುವುದಿಲ್ಲ ಎಂಬುದು ಅವನ ತರ್ಕದ ಒಂದು ಎಳೆ.

ನಾಗರಿಕ ಸೇವೆಗಳ ವಿಷಯದಲ್ಲಿ ನಮ್ಮ ಸಂವಿಧಾನ ರಚಿಸಿದವರಿಗೆ ಇದು ಹೊಳೆದಿತ್ತು. ಅಧಿಕಾರಿಗಳು ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಹೇಳುವಂತಿರಬೇಕು, ಅದಕ್ಕೆ ಭದ್ರತೆ ಬೇಕು ಎಂದು ಸರ್ದಾರ್ ಪಟೇಲರು 1949ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ ವಾದಿಸಿದ್ದರು. 311ನೆಯ ವಿಧಿಯ ರಕ್ಷಣೆ ನನ್ನಂಥ ತಹಶೀಲ್ದಾರನಿಗೂ ಇತ್ತು. ಅದನ್ನು ಇಲ್ಲವೆನ್ನುವುದಕ್ಕೆ ಬಳಸಿದವರಿಗಿಂತ ಆರಾಮಾಗಿರುವುದಕ್ಕೆ ಬಳಸಿದವರೇ ಹೆಚ್ಚು ಎಂಬುದನ್ನೂ ಒಪ್ಪಿಕೊಳ್ಳಬೇಕು. ಬರಗಾಲದ ವರ್ಷವೊಂದರಲ್ಲಿ ನೀರಿನ ಟ್ಯಾಂಕರುಗಳ ಬಿಲ್ಲಿಗೆ, ಅನುಮಾನವಿದ್ದೂ, ನಾನೇ ಸಹಿ ಹಾಕಿದ್ದುಂಟು. ಫಾರ್ಮ್ 700 ಆಗಿದ್ದರೆ ಹಾಕುತ್ತಿರಲಿಲ್ಲ.

ಈ ಪ್ರಶ್ನೆ ಸೈನ್ಯದ್ದು ಮಾತ್ರ ಎಂದುಕೊಳ್ಳುವಂತಿಲ್ಲ. ವಿಮಾನ ಈಗ ನಮ್ಮ ಜಿಲ್ಲೆಗೇ ಬರುತ್ತಿದೆ. ಏರ್‌ಬಸ್ ಮತ್ತು ಟಾಟಾ ಸಂಸ್ಥೆಗಳು ಎಚ್-125 ಹೆಲಿಕಾಪ್ಟರುಗಳ ಅಂತಿಮ ಜೋಡಣೆಗೆ ಕೋಲಾರದ ವೇಮಗಲ್ ಅನ್ನು ಆರಿಸಿಕೊಂಡದ್ದು 2025ರಲ್ಲಿ ಪ್ರಕಟವಾಯಿತು. ಹೆಮ್ಮೆಪಡಬೇಕಾದ ಸಂಗತಿ. ಆದರೆ ಅಲ್ಲಿಂದ ದೂರವಲ್ಲದ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಮೊಬೈಲ್ ಫೋನ್ ಕಾರ್ಖಾನೆಯೊಂದರ ಗಾಜುಗಳು ಪುಡಿಯಾದದ್ದನ್ನು ಮರೆಯಲಾಗದು. ಹಿಂಸೆಯನ್ನು ಸಮರ್ಥಿಸಲಾರೆ. ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು, ಸಿಟ್ಟು ಕೈಗೆ ಬಾರದ ಸಂಬಳದ್ದು. ಫೋನಿನ ಸ್ಕ್ರೂ ಸಡಿಲವಾದರೆ ಫೋನ್ ಕೆಡುತ್ತದೆ, ಅಷ್ಟೆ. ಹೆಲಿಕಾಪ್ಟರಿನದ್ದು ಹಾಗಲ್ಲ.

ನಾಗರಿಕ ವಿಮಾನಯಾನದ ನಿಯಮಗಳು ಇಲ್ಲಿ ಒಂದು ದಾರಿ ತೋರಿಸುತ್ತವೆ. ಯುರೋಪಿನ ಕಟ್ಟಳೆಯಲ್ಲಿ, ಮೊದಲೇ ತಾಂತ್ರಿಕ ತರಬೇತಿ ಇಲ್ಲದವನು ದೊಡ್ಡ ವಿಮಾನದ ದುರಸ್ತಿಯನ್ನು ದೃಢೀಕರಿಸುವ ಪರವಾನಗಿ ಪಡೆಯಲು ಹಾರುವ ವಿಮಾನಗಳ ಮೇಲೆ ಐದು ವರ್ಷ ಕೆಲಸ ಮಾಡಿರಬೇಕು. ನಮ್ಮ ಡಿಜಿಸಿಎ ನಿಯಮಗಳೂ ಅದೇ ಮಾದರಿಯವು. ನಾಗರಿಕರಿಗೆ ಐದು ವರ್ಷ ಕೇಳುವ ದೇಶ, ಸೈನಿಕ ತಂತ್ರಜ್ಞನನ್ನು ನಾಲ್ಕಕ್ಕೇ ಮನೆಗೆ ಕಳುಹಿಸುವುದು ವಿಚಿತ್ರ ಲೆಕ್ಕ. ವಿಮಾನ ನಿರ್ವಹಣೆಯ ವಿಭಾಗಗಳಿಗಾದರೂ ಅವಧಿಯನ್ನು ಎಂಟು ವರ್ಷಕ್ಕೆ ಏರಿಸಿ, ಹೆಚ್ಚಿನವರನ್ನು ಉಳಿಸಿಕೊಳ್ಳಬಹುದು. ಹೊರಬರುವವರ ಸೇವೆಯನ್ನು ಪರವಾನಗಿಯ ಅನುಭವವೆಂದು ತಕರಾರಿಲ್ಲದೆ ಎಣಿಸಬಹುದು. ವೇಮಗಲ್‌ನಲ್ಲಿ ವಿಮಾನ ಮುಟ್ಟುವ ಕೈಗಳು ಗುತ್ತಿಗೆಯವಾಗಿರಕೂಡದೆಂದು, ಜಮೀನು ಮತ್ತು ರಿಯಾಯಿತಿ ಕೊಡುವ ರಾಜ್ಯ ಸರ್ಕಾರ ಷರತ್ತು ಹಾಕಬಹುದು.

ಹುಡುಗನಿಗೆ ಹೋಗು ಎಂದೇ ಹೇಳಿದ್ದೇನೆ. ಹೋದ ದಿನದಿಂದ ಒಂದು ನೋಟ್‌ಪುಸ್ತಕ ಇಡು, ಮಾಡಿದ ಪ್ರತಿ ಕೆಲಸವನ್ನೂ ತಾರೀಖು ಸಹಿತ ಬರೆದು ಮೇಲಿನವರ ರುಜು ಪಡೆ, ಪರವಾನಗಿಗೆ ಬೇಕಾಗುತ್ತದೆ ಎಂದೂ ಹೇಳಿದೆ. ಅವನ ತಾಯಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಕುಡಿದು ಎದ್ದರು. ನಿವೃತ್ತನ ಸಹಿ ದೃಢೀಕರಣಕ್ಕೆ ನಡೆಯುವುದಿಲ್ಲ ಎಂದು ತಿಳಿಸಿ, ಜೆರಾಕ್ಸ್ ಪ್ರತಿಗಳೊಂದಿಗೆ ಅವರನ್ನು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಬಳಿಗೆ ಕಳುಹಿಸಿದೆ.