ನವೆಗೆ ಲೇಪ, ನವೆಯ ಮೂಲಕ್ಕೆ ಉಪಾಯ

ಮಳೆಗಾಲವು ತೊಡಗಿತೆಂದರೆ ನಮ್ಮ ಹ್ಯಾಂಡ್‌ಪೋಸ್ಟಿನ ಸುತ್ತಣ ಹೊಲಗಳಲ್ಲಿ ಕಳೆ ಕೀಳುವ ಕೆಲಸ; ಅದರ ಹಿಂದೆಯೇ ಮನೆಗಳಲ್ಲಿ ನವೆಯ ಗೋಳು. ಹೋದ ವರ್ಷ ನೆರೆಯ ಗೌಡರೊಬ್ಬರು ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ರಾತ್ರಿ ನಿದ್ದೆಯಿಲ್ಲ. ಗಿಡಮೂಲಿಕೆಯದೆಂದು ಮುಲಾಮು ತಂದು ಹಚ್ಚಿದೆ. ನಾಲ್ಕು ದಿನ ವಾಸಿಯಾಯಿತು, ಬಿಟ್ಟೊಡನೆ ಎರಡರಷ್ಟಾಯಿತು” ಎಂದರು. ಅವರ ಕಣ್ಣರೆಪ್ಪೆ, ಕೊರಳು, ಮೊಣಕೈಯ ಮಡಿಕೆಗಳಲ್ಲಿ ಚರ್ಮವು ದಪ್ಪನಾಗಿ ಕಪ್ಪಿಟ್ಟಿದ್ದಿತು. ಡಬ್ಬಿಯ ಮೇಲೆ ಒಂದು ಎಲೆಯ ಚಿತ್ರವಲ್ಲದೆ ಬೇರೊಂದಕ್ಷರವೂ ಇರಲಿಲ್ಲ.

ಗಿಡದಿಂದಾದುದೆಲ್ಲ ನಿರಪಾಯವೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ಆದರೆ ಗೌಡರ ಇಸಬಿಗೆ ಕಾರಣವೇ ಒಂದು ಗಿಡ! ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಅಮೆರಿಕಾ ಖಂಡದಿಂದ ಬಂದು, 1950ರ ದಶಕದಿಂದೀಚೆಗೆ ನಮ್ಮ ದೇಶದಲ್ಲಿ ಹಬ್ಬಿತು. ಅದರ ಒಣಗಿದ ಪುಡಿಯು ಗಾಳಿಯಲ್ಲಿ ತೇಲಿಬಂದು ತಗುಲಿದರೂ ಸಾಕು, ಒಗ್ಗದವರ ಚರ್ಮವು ಕೆರಳುವುದು. ಇನ್ನು ಡಬ್ಬಿಯ ವಿಚಾರ. 1999ರಲ್ಲಿ ಲಂಡನ್ನಿನ ವೈದ್ಯರು ಇಸಬಿಗಾಗಿ ಮಾರುತ್ತಿದ್ದ ಚೀನೀ ಮೂಲಿಕೆಯ 11 ಲೇಪಗಳನ್ನು ಪರೀಕ್ಷಿಸಲಾಗಿ, 8ರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಅಡಗಿದ್ದಿತು. ಆದುದರಿಂದ ದ್ರವ್ಯಗಳ ಹೆಸರು, ಪರವಾನಗಿಯ ಸಂಖ್ಯೆ, ತಯಾರಿಸಿದ ದಿನಾಂಕ ಇವಿಲ್ಲದ ಡಬ್ಬಿಯನ್ನು ಮನೆಯೊಳಕ್ಕೆ ತರಬಾರದು.

ಹಾಗೆಂದು ಮೂಲಿಕೆಗಳನ್ನು ತಿರಸ್ಕರಿಸಬೇಕಾಗಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನವೆಯನ್ನು ಕಳೆಯುವ ಹತ್ತು ದ್ರವ್ಯಗಳನ್ನು ‘ಕಂಡೂಘ್ನ’ವೆಂದು ಒಟ್ಟುಗೂಡಿಸಿದೆ. ಶ್ರೀಗಂಧ, ಕಕ್ಕೆ, ಹೊಂಗೆ, ಬೇವು, ಸಾಸಿವೆ, ಜ್ಯೇಷ್ಠಮಧು, ಮರದರಿಸಿನ ಇವು ಅವುಗಳಲ್ಲಿ ಸೇರಿವೆ. ಜ್ಯೇಷ್ಠಮಧುವಿನ ಲೇಪವು ಇಸಬಿನ ಕೆಂಪನ್ನೂ ನವೆಯನ್ನೂ ತಗ್ಗಿಸಿತೆಂದು 2003ರಲ್ಲಿ ಇರಾನ್ ದೇಶದ ಪರೀಕ್ಷೆಯೊಂದು ತಿಳಿಸಿತು.

ಮನೆಯಲ್ಲಿ ಮಾಡತಕ್ಕ ಸರಳವಾದ ಲೇಪವೆಂದರೆ ಸಿಕ್ಥತೈಲ, ಸಿಕ್ಥವೆಂದರೆ ಜೇನುಮೇಣ. ತೊಳೆದು ನೆರಳಿನಲ್ಲಿ ಆರಿಸಿದ ಬೇವಿನೆಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ನೀರಿನ ಅಂಶವು ಹೋಗುವವರೆಗೆ ಕಾಯಿಸಿರಿ. ಬತ್ತಿಯನ್ನದ್ದಿ ಹೊತ್ತಿಸಿದರೆ ಚಟಚಟ ಶಬ್ದವಾಗಕೂಡದು. ಆದರೆ ನೀರು ಉಳಿದಿದೆಯೆಂದರ್ಥ, ಲೇಪವು ಬೇಗನೆ ಕೆಡುವುದು. ಎಣ್ಣೆಯನ್ನು ಸೋಸಿ, 5 ಪಾಲು ಎಣ್ಣೆಗೆ 1 ಪಾಲು ಮೇಣವನ್ನು ಕರಗಿಸಿ, ಒಣಗಿದ ಶುಚಿಯಾದ ಭರಣಿಗೆ ತುಂಬಿರಿ. ಮೊದಲು ಮುಂಗೈಯ ಒಳಬದಿಗೆ ತುಸು ಹಚ್ಚಿ ಎರಡು ದಿನ ನೋಡಿರಿ. ಉರಿಯದಿದ್ದರೆ, ಸ್ನಾನವಾದೊಡನೆ ಮೈಯ ತೇವವು ಆರುವ ಮುನ್ನ ಸವರಿರಿ. ಒಣಗಿ ಬಿರಿದ ಚರ್ಮಕ್ಕೆ ಸ್ನಿಗ್ಧತೆಯೇ ಅರ್ಧ ಮದ್ದು.

ನೀರೊಸರುವ ಅಥವಾ ಕೀವಾದ ಹುಣ್ಣಿಗೆ ಇದನ್ನು ಹಚ್ಚದೆ ವೈದ್ಯರಿಗೆ ತೋರಿಸತಕ್ಕದ್ದು. ರಾತ್ರಿಯಲ್ಲಿ ಮನೆಮಂದಿಗೆಲ್ಲ ನವೆಯೆದ್ದರೆ ಅದು ಕಜ್ಜಿಯಾಗಿರಬಹುದು. ಅದರ ಮದ್ದೇ ಬೇರೆ, ಎಲ್ಲರಿಗೂ ಒಟ್ಟಿಗೇ ಆಗಬೇಕು.

ಗೌಡರನ್ನು ನಾವೇ ಚರ್ಮವೈದ್ಯರಲ್ಲಿಗೆ ಕರೆದೊಯ್ದೆವು. ಔಷಧವು ಅವರದು; ಆ ಮೇಲೆ ಒಣಗಿದ ಚರ್ಮಕ್ಕೆ ಲೇಪವು ನಮ್ಮ ಮನೆಯದು. ಈ ವರ್ಷ ಹೊಲದ ಪಾರ್ಥೇನಿಯಮ್ಮನ್ನು ಹೂ ಬಿಡುವ ಮೊದಲೇ ಅವರ ಮಕ್ಕಳು ಕೈಚೀಲ ತೊಟ್ಟು ಕಿತ್ತರು. ಗೌಡರು ಹೊಲದತ್ತ ಸುಳಿಯಲಿಲ್ಲ. ಮೊನ್ನೆ ಜಗಲಿಗೆ ಬಂದವರು ನವೆಯ ಮಾತನ್ನೇ ಎತ್ತದೆ ರಾಗಿಯ ಬೆಲೆಯನ್ನು ಕುರಿತು ಒಂದು ಗಂಟೆ ಮಾತನಾಡಿ ಹೋದರು. ನಮಗೆ ಅಷ್ಟೇ ಸಾಕಾಯಿತು.