ಮನೆ-ಮಕ್ಕಳು: ಕೂಸಿನ ಇಡುಗಂಟು

ಊರಿನಿಂದ ಬರುವ ಗಂಟಿನಲ್ಲಿ ಹಪ್ಪಳ, ಸಂಡಿಗೆಗಳ ಜತೆಗೆ, ಮನೆಯಲ್ಲಿ ಕೂಸಿದ್ದರೆ, ರಾಗಿ ಸರಿಯ ಹಿಟ್ಟಿನ ಡಬ್ಬಿಯೂ ಇರುವುದುಂಟು. ಮುಂಬಯಿಯ ಎರಡು ಕೋಣೆಯ ಸಂಸಾರದಲ್ಲಿ ಆ ಡಬ್ಬಿಗೆ ಅಜ್ಜಿಗೆ ಸಲ್ಲುವಷ್ಟೇ ಮರ್ಯಾದೆ. ಆದರೆ ಅದೊಂದೇ ಮಗುವಿಗೆ ಸಾಕೇ? ಈ ಸಲ ಅದನ್ನು ವಿಚಾರಿಸೋಣ.

ಮಗು ಹುಟ್ಟುವಾಗಲೇ ತಾಯಿಯಿಂದ ಕಬ್ಬಿಣಾಂಶದ ಒಂದು ಇಡುಗಂಟನ್ನು ಪಡೆದು ಬರುತ್ತದೆ. ಎದೆಹಾಲಿಗೆ ಸಮನಾದ ಆಹಾರ ಬೇರೊಂದಿಲ್ಲ; ಆದರೆ ಅದರಲ್ಲಿ ಕಬ್ಬಿಣ ಲೀಟರಿಗೆ ಅರ್ಧ ಮಿಲಿಗ್ರಾಮಿನಷ್ಟೂ ಇಲ್ಲ. ಮೊದಲ ಆರು ತಿಂಗಳು ಇಡುಗಂಟಿನಿಂದಲೇ ಕಾಲಯಾಪನೆ. ಅನಂತರ, ನಮ್ಮಂಥ ಸಂಬಳದಾರರ ತಿಂಗಳ ಕೊನೆಯ ಹಾಗೆ, ಖರ್ಚು ಹೆಚ್ಚು, ಜಮೆ ಕಡಿಮೆ. ದಿನ ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿದ್ದ ಕೂಸಿನ ಗಂಟು ಇನ್ನೂ ಬೇಗ ಕರಗುತ್ತದೆ. ಅಂಥವರು ಆರು ತಿಂಗಳು ಕಾಯದೆ ವೈದ್ಯರನ್ನು ಕೇಳತಕ್ಕದ್ದು.

ಇದು ಸಣ್ಣ ಮಾತಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿಗೆ ರಕ್ತಹೀನತೆ ಕಂಡುಬಂದಿತು. ಕಬ್ಬಿಣದ ಕೊರತೆ ಅದರ ಮುಖ್ಯ ಕಾರಣಗಳಲ್ಲೊಂದು. ಮಿದುಳು ಭರದಿಂದ ಬೆಳೆಯುವ ಈ ಕಾಲದಲ್ಲಿ ಆದ ನಷ್ಟವನ್ನು ಮುಂದೆ ಪೂರ್ತಿ ತುಂಬಿಕೊಡಲಾಗದೆ ಹೋಗಬಹುದು.

ಇನ್ನು ರಾಗಿ, ಇಲ್ಲಿಯವರ ನಾಚಣಿ. ಸುಣ್ಣದ ಅಂಶದಲ್ಲಿ ಅಕ್ಕಿ, ಗೋಧಿಗಳು ಅದರ ಹತ್ತಿರ ಸುಳಿಯಲಾರವು. ಕಬ್ಬಿಣವೂ ೧೦೦ ಗ್ರಾಮಿಗೆ ೪ ಮಿಲಿಗ್ರಾಮಿನ ಮೇಲಿದೆ. ಆದರೆ ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಆ ಕಬ್ಬಿಣವನ್ನು ಬಿಗಿಹಿಡಿಯುವುದರಿಂದ ರಕ್ತಕ್ಕೆ ಸೇರುವುದು ಸ್ವಲ್ಪವೇ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ನಮ್ಮ ಹಿರಿಯರ ಪದ್ಧತಿ ಈ ಹಿಡಿತವನ್ನು ಸಡಿಲಿಸುತ್ತದೆ. ಆದ್ದರಿಂದ ಮೊಳಕೆಯ ಹಿಟ್ಟೇ ಲೇಸು.

ಆದರೂ ಸರಿಯೊಂದನ್ನೇ ನಂಬಬೇಡಿ. ಆರು ತಿಂಗಳು ತುಂಬಿದೊಡನೆ, ಎದೆಹಾಲು ಬಿಡಿಸದೆ, ನುಣ್ಣಗೆ ಮಸೆದ ಬೇಳೆ-ಅನ್ನ, ಬೇಯಿಸಿದ ಸೊಪ್ಪು ಕೊಡಿ. ಅದರ ಮೇಲೆ ನಾಲ್ಕು ತೊಟ್ಟು ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮಾಂಸ ತಿನ್ನುವ ಮನೆಗಳಲ್ಲಿ ಮೆತ್ತಗೆ ಬೇಯಿಸಿ ಅರೆದ ಮಾಂಸವನ್ನು ಕೊಡಬಹುದು. ಅದರ ಕಬ್ಬಿಣ ಎಲ್ಲಕ್ಕಿಂತ ಸುಲಭವಾಗಿ ಸಲ್ಲುತ್ತದೆ. ಬೆರಳದ್ದಿ ಚಹಾ ನೆಕ್ಕಿಸುವ ಮುದ್ದು ಮಾತ್ರ ಬೇಡ. ಚಹಾ ಕಬ್ಬಿಣಕ್ಕೆ ಅಡ್ಡಿ. ವರ್ಷ ತುಂಬುವವರೆಗೆ ಎದೆಹಾಲಿನ ಬದಲು ಹಸುವಿನ ಹಾಲು ಕುಡಿಸುವುದೂ ಬೇಡ.

ಇಷ್ಟು ಮಾಡಿದರೂ ಸಣ್ಣ ಹೊಟ್ಟೆಗೆ ಹಿಡಿಸುವುದು ನಾಲ್ಕು ಚಮಚ. ಅದಕ್ಕೆಂದೇ ೨೦೧೮ರ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಔಷಧಿಯನ್ನು ಗೊತ್ತುಪಡಿಸಿದ್ದಾರೆ. ಅದನ್ನು ಕುಡಿದ ಮಗುವಿನ ಮಲ ಕಪ್ಪಾದರೆ ಗಾಬರಿ ಬೇಡ. ಸೀಸೆ ಮಾತ್ರ ಮಕ್ಕಳ ಕೈಗೆ ಸಿಗದಂತಿರಲಿ. ಅಳತೆ ಮೀರಿದರೆ ಅಪಾಯ.

ಸೋದರಿಯರೇ, ಲಸಿಕೆಗೆ ಹೋದಾಗ ಈ ಔಷಧಿಯ ವಿಷಯ ಕೇಳಿ. ಮರಾಠಿ ಬಾರದೆಂದು ಸಂಕೋಚಪಟ್ಟು ಹಿಂದಿರುಗಬೇಡಿ. ಕೇಳದವರಿಗೆ ತಾನಾಗಿ ಹೇಳುವ ಅಭ್ಯಾಸ ಸರ್ಕಾರಿ ಮೇಜಿನ ಹಿಂದೆ ಕುಳಿತವರಿಗೆ ಕಡಿಮೆ. ನಾನೂ ಅದೇ ಜಾತಿಯ ಗುಮಾಸ್ತ, ಅದಕ್ಕೇ ಹೇಳಿದೆ.