ಹೆಸರು ಗೊತ್ತಾದರೆ ಸಾಕೇ?

ಹೊಸ ಜ್ವರವೊಂದು ಕಾಣಿಸಿಕೊಂಡಾಗಲೆಲ್ಲ ಈಗ ಒಂದೇ ಮಾತು ಕೇಳಿಬರುತ್ತದೆ: ಮಾದರಿಯನ್ನು ಜೀನೋಮ್ ಸೀಕ್ವೆನ್ಸಿಂಗ್‌ಗೆ ಕಳಿಸಲಾಗಿದೆ. ವರದಿ ಬರುತ್ತದೆ, ವೈರಾಣುವಿನ ಕುಲಗೋತ್ರ ಪ್ರಕಟವಾಗುತ್ತದೆ, ಸುದ್ದಿ ತಣ್ಣಗಾಗುತ್ತದೆ. ಜಾತಕ ಬರೆಸಿದ ಸಂಭ್ರಮದಲ್ಲಿ ಮಗುವಿಗೆ ಹಾಲೂಡಿಸುವುದನ್ನೇ ಮರೆತ ಮನೆಯವರ ಹಾಗೆ ನಾವಿದ್ದೇವೆ.

ನಮ್ಮದೇ ನೆಲದ ಮಂಗನ ಕಾಯಿಲೆಯನ್ನು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಆಗ ಸೀಕ್ವೆನ್ಸಿಂಗ್ ಯಂತ್ರ ಜಗತ್ತಿನಲ್ಲೇ ಇರಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೆ ಬಂದರು. ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿದರು. ಇಲಿಮರಿಗಳಲ್ಲಿ ವೈರಾಣುವನ್ನು ಬೆಳೆಸಿದರು. ಪ್ರತಿಕಾಯಗಳ ಹೋಲಿಕೆಯಿಂದ ಅದು ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ಬಳಗದ್ದೆಂದು ಗುರುತಿಸಿದರು. ಕಾಡಿನ ಹೆಸರೇ ವೈರಾಣುವಿನ ಹೆಸರಾಯಿತು.

ಹಾಗೆಂದು ಸೀಕ್ವೆನ್ಸಿಂಗ್ ಬೇಡವೆನ್ನುವುದು ಮೂರ್ಖತನ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಾಣು ನಮ್ಮ ಕ್ಯಾಸನೂರಿನದರ ಅತಿ ಹತ್ತಿರದ ಬಂಧುವೆಂದು ಖಚಿತವಾದದ್ದು ಅದರ ಆರ್‌ಎನ್‌ಎ ಓದಿದ್ದರಿಂದಲೇ. ಸುಮಾರು 11 ಸಾವಿರ ಅಕ್ಷರಗಳ ಆ ಬರಹ ಯಾವ ಪ್ರತಿಕಾಯ ಪರೀಕ್ಷೆಗಿಂತಲೂ ಸ್ಪಷ್ಟವಾಗಿ ನಂಟನ್ನು ಹೇಳುತ್ತದೆ. ಆದರೆ ನಂಟು ತಿಳಿದರೆ ಬಂದ ದಾರಿ ತಿಳಿದಂತಲ್ಲ. ರಷ್ಯಾದ ಬಂಧುಗಳನ್ನು ಕಂಡೇ ಆಗ ವಲಸೆ ಹಕ್ಕಿಗಳ ಮೇಲೆ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲು ಸಲೀಂ ಅಲಿಯವರ ತಂಡ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಬೇಕಾಯಿತು. ಪ್ರಶ್ನೆ ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ, ಉತ್ತರ ಹುಡುಕಬೇಕಾದದ್ದು ಬಯಲಿನಲ್ಲಿ.

ಯಂತ್ರ ಓದುವುದು ನಾವು ಕೊಟ್ಟದ್ದನ್ನು ಮಾತ್ರ. ರಕ್ತದಲ್ಲಿ ವೈರಾಣು ಚೆನ್ನಾಗಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಆರ್‌ಎನ್‌ಎ ಬಲು ನಾಜೂಕು. ಮಾದರಿ ತಣ್ಣಗಿರದಿದ್ದರೆ ಅದು ದಾರಿಯಲ್ಲೇ ಹಾಳಾಗುತ್ತದೆ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದೆ ವಾರ ತಡೆದವನ ರಕ್ತದಲ್ಲಿ ಯಂತ್ರಕ್ಕೆ ಏನು ಸಿಕ್ಕೀತು? ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಆರಿಸುವವರು, ಮಂಗ ಸತ್ತಿದೆಯೆಂದು ಸುದ್ದಿ ಮುಟ್ಟಿಸುವವರು, ಮನೆಮನೆಗೆ ಹೋಗಿ ಜ್ವರ ವಿಚಾರಿಸುವ ಆಶಾ ಕಾರ್ಯಕರ್ತೆಯರು ಇಲ್ಲದಿದ್ದರೆ ಕೋಟಿ ಬೆಲೆಯ ಯಂತ್ರವೂ ಖಾಲಿ ಹಾಳೆಯ ಮುಂದೆ ಕುಳಿತ ಪಂಡಿತನಷ್ಟೆ.

ಇನ್ನು ಹೆಸರಿನಿಂದ ರೋಗಿಗೆ ದಕ್ಕಿದ್ದೇನು? ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದಾಗಿ 2022ರಲ್ಲಿ ಅದೂ ನಿಂತಿತು. ಅಷ್ಟರಲ್ಲಿ ವೈರಾಣು ಮಲೆನಾಡಿನ ಗಡಿ ದಾಟಿ ಬಂಡೀಪುರ, ವಯನಾಡು, ಗೋವಾಗಳಲ್ಲೂ ಕಾಣಿಸಿಕೊಂಡಿತ್ತು. ಇದಾವುದೂ ಅಕ್ಷರಗಳನ್ನು ಓದಲು ಬಾರದ್ದರಿಂದ ಆದದ್ದಲ್ಲ. ಓದಿದ ಮೇಲೆ ಮಾಡಬೇಕಾದ್ದನ್ನು ಮಾಡದ್ದರಿಂದ ಆದದ್ದು.

ಆದ್ದರಿಂದ ಮುಂದಿನ ಸಲ ‘ವೈರಾಣು ಪತ್ತೆಯಾಯಿತು’ ಎಂಬ ಘೋಷಣೆ ಬಂದಾಗ ಚಪ್ಪಾಳೆ ತಟ್ಟುವ ಮೊದಲು ಮೂರು ಪ್ರಶ್ನೆ ಕೇಳೋಣ: ಮಾದರಿ ತಂದವರಿಗೆ ಸಂಬಳವೂ ರಕ್ಷಣೆಯೂ ಸಿಕ್ಕಿತೇ? ಫಲಿತಾಂಶ ಆ ಹಳ್ಳಿಗೆ ತಲುಪಿತೇ? ಬರುವ ಡಿಸೆಂಬರಿನಲ್ಲಿ ಉಣುಗಿನ ಕಾಲ ಶುರುವಾಗುವ ಹೊತ್ತಿಗೆ ಅಲ್ಲಿ ಏನು ಬದಲಾಗಿರುತ್ತದೆ? ಉತ್ತರ ಬರುವವರೆಗೆ ಕೆಲಸ ಅರ್ಧವೇ ಆಗಿದೆಯೆಂದು ತಿಳಿಯೋಣ.